ಕಿಲಾರಿಯ ಮಂಡಿಚಿಪ್ಪು

ದೊಡ್ಡಪಾಲಯ್ಯ ಮೂವತ್ತೆರಡು ವರ್ಷ ದೇವರ ಎತ್ತುಗಳ ಹಿಂದೆ ಬರಿಗಾಲಲ್ಲಿ ನಡೆದವನು. ದೇವರಿಗೆ ಬಿಟ್ಟ ಆ ದನಗಳನ್ನು ಹೂಡುವಂತಿಲ್ಲ, ಮಾರುವಂತಿಲ್ಲ. ಅಡವಿಯಲ್ಲಿ ಮೇಯಿಸಿಕೊಂಡು ಬರುವುದೇ ಕಿಲಾರಿಯ ಸೇವೆ. ಅವುಗಳ ಕಾಲು ಮುರಿದರೆ ಬಿದಿರ ದಬ್ಬೆ ಇಟ್ಟು, ಉದ್ದಿನ ಹಿಟ್ಟು ಮೆತ್ತಿ ಕಟ್ಟುತ್ತಿದ್ದವನೂ ಅವನೇ. ಹಿಂಡಿನ ಮುಂದೆ ನಡೆಯುವ ಮುತ್ತಯ್ಯನೆಂಬ ಎತ್ತು ಕರುವಾಗಿದ್ದಾಗ ಅವನ ಕಟ್ಟಿನಿಂದಲೇ ಎದ್ದು ನಿಂತಿತ್ತು.

ಹಾಗಾಗಿ ಕುದಾಪುರದ ಆಚೆ ಕಲ್ಲುಗುಡ್ಡೆಯಲ್ಲಿ ಜಾರಿ ಮೊಣಕಾಲೂರಿ ಬಿದ್ದ ದಿನ, ತನ್ನ ಕಾಲಿಗೂ ಅದೇ ದಬ್ಬೆ ಕಟ್ಟಿಕೊಂಡ.

“ಆಸ್ಪತ್ರೆಗೆ ಹೋಗನ ನಡಿ ಮಾವ. ನೀನೇನು ಎತ್ತಾ?” ಅಂದ ಅಕ್ಕನ ಮಗ ಎರ್ರಿಸ್ವಾಮಿ.

“ಎತ್ತಿಗಿಂತ ನಾನೇನು ಹೆಚ್ಚೇನ್ಲೇ?”

ಮೂರು ತಿಂಗಳು ಕಳೆಯಿತು. ದಬ್ಬೆ ಬಿಚ್ಚಿದರೆ ಮಂಡಿ ಮಡಚಲೂ ಬರಲಿಲ್ಲ, ಭಾರ ಹೊರಲೂ ಬರಲಿಲ್ಲ. ಬರುವ ಸೋಮವಾರ ಹಿಂಡು ಮೊಳಕಾಲ್ಮುರಿನ ಕಡೆಯ ಮೇವಿನ ಕಾವಲಿಗೆ ಹೊರಡಬೇಕು. ಅಷ್ಟರಲ್ಲಿ ಅವನು ನಡೆಯದಿದ್ದರೆ ಕಿಲಾರಿಯ ಕೋಲು ಎರ್ರಿಸ್ವಾಮಿಗೆ ಎಂದು ಗುಡಿಯ ಹಿರಿಯರು ಹೇಳಿಬಿಟ್ಟಿದ್ದರು. ಆಗ ಚಳ್ಳಕೆರೆಯ ಆಸ್ಪತ್ರೆಗೆ ಹೋದ.

ಡಾಕ್ಟರ್ ತೇಜಶ್ರೀ ಎಕ್ಸರೇ ಫಿಲ್ಮನ್ನು ಬೆಳಕಿಗೆ ಹಿಡಿದಳು. ತೊಡೆಯ ಮೂಳೆ, ಕಾಲಿನ ಮೂಳೆ ನೆಟ್ಟಗಿದ್ದವು. ನಡುವೆ ಮಂಡಿಚಿಪ್ಪು ಮಾತ್ರ ಎರಡು ಹೋಳಾಗಿ, ಮುನಿಸಿಕೊಂಡ ಅಣ್ಣತಮ್ಮಂದಿರಂತೆ ದೂರ ದೂರ ಕೂತಿತ್ತು.

“ಉದ್ದ ಮೂಳೆ ಆಗಿದ್ರೆ ನಿಮ್ಮ ಕಟ್ಟಿಗೆ ಕೂಡ್ತಿತ್ತೇನೋ ಅಜ್ಜ. ಚಿಪ್ಪು ಹಂಗಲ್ಲ. ತೊಡೆ ಮಾಂಸ ಅದನ್ನ ಮೇಲಕ್ಕೆ ಎಳೀತಾನೇ ಇರುತ್ತೆ. ಆವತ್ತೇ ಬಂದಿದ್ರೆ ತಂತಿ ಹಾಕಿ ಕೂಡಿಸಬಹುದಿತ್ತು.”

“ಈಗ?”

“ಈಗ ಆಪರೇಷನ್ ಮಾಡಿದ್ರೂ ಮನೆ ಸುತ್ತ ಓಡಾಡಬಹುದು ಅಷ್ಟೇ. ಅಡವಿ ಆಗಲ್ಲ.”

“ನನ್ನ ದನಕ್ಕೆ ಯಾವತ್ತೂ ಚಿಪ್ಪು ಒಡೆದಿರಲಿಲ್ಲ ತಾಯಿ,” ಎಂದ ಪಾಲಯ್ಯ, ತಪ್ಪೊಪ್ಪಿಕೊಳ್ಳುವವನಂತೆ.

ಸೋಮವಾರ ಬೆಳಗ್ಗೆ ದನ ಕೂಡುವ ರೊಪ್ಪದ ಮುಳ್ಳುಬೇಲಿ ಸರಿಸಿದರು. ದಿನವೂ ಮುತ್ತಯ್ಯನ ಎದುರು ಮಂಡಿಯೂರಿ ಹಣೆ ಹಚ್ಚುತ್ತಿದ್ದವನು ಅವತ್ತು ನಿಂತೇ ಕೈ ಮುಗಿದ. ಕೋಲನ್ನು ಕಣ್ಣಿಗೊತ್ತಿಕೊಂಡು ಎರ್ರಿಸ್ವಾಮಿಗೆ ಕೊಟ್ಟ. ಎರ್ರಿಸ್ವಾಮಿ ಗಂಟಲು ಹರಿಯುವಂತೆ ಕೂಗಿದರೂ ದನ ಅಲುಗಲಿಲ್ಲ.

“ಹೋ… ಬಾರಪ್ಪಾ!” ಪಾಲಯ್ಯನ ಬಾಯಿಂದ ತಾನಾಗಿ ಹೊರಟುಹೋಯಿತು. ಇಡೀ ಹಿಂಡು ತಿರುಗಿ ಅವನತ್ತಲೇ ಬಂತು. ಮುತ್ತಯ್ಯ ಬಂದು ಅವನ ಎದೆಗೆ ಮೂತಿ ಇಟ್ಟು ನಿಂತಿತು.

ಎರ್ರಿಸ್ವಾಮಿ ಬಳಿಗೆ ಬಂದು ಮೆಲ್ಲಗೆ ಅಂದ: “ಕರೀಬ್ಯಾಡ ಮಾವ. ನೀನು ಕಂಡ್ರೂ ಅವು ಹೋಗಲ್ಲ. ಬಿಸಿಲೇರಿದ್ರೆ ನೀರು ಸಿಗೋ ಹೊತ್ತಿಗೆ ಸಾಯ್ತವೆ.”

ಪಾಲಯ್ಯ ಎತ್ತಿನ ಮೂತಿಯನ್ನು ಎರಡೂ ಕೈಯಿಂದ ಆಚೆ ದೂಡಿದ. ಸೆಟೆದ ಕಾಲನ್ನು ಎಳೆದುಕೊಂಡು ಗುಡಿಸಲ ಹಿಂದೆ ಹೋಗಿ ಮರೆಯಾದ. ಕೊರಳಗಂಟೆಗಳು ನಿಂತವು, ತಡೆದವು, ಮತ್ತೆ ಹೊರಟವು. ಅವನು ಹೆಗಲ ಟವೆಲನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿ ನಿಂತಿದ್ದ. ಗಂಟೆ ಸದ್ದು ಹಳ್ಳ ದಾಟಿ ಕೇಳಿಸದಾದ ಮೇಲೂ ಅದನ್ನು ತೆಗೆಯಲಿಲ್ಲ.