ಖತೀಜಾ ಬೀ ಕೈಗೆ ಹೊರಿಸಿದ ತಪ್ಪು

ತನುಜಳಿಗೆ ಆ ಮದುವೆಯ ಕೆಲಸ ಸಿಕ್ಕಿದ್ದೇ ಅವಳು ಹೆಣ್ಣು ಎಂಬ ಕಾರಣಕ್ಕೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಖಲೀಮುಲ್ಲಾ ಅವರು ಮಗಳು ಅಲ್ಮಾಸಳ ನಿಕಾಹ್‌ಗೆ ಹೆಂಗಸರ ಕೋಣೆಯೊಳಗೆ ಹೋಗಬಲ್ಲ ಫೋಟೋಗ್ರಾಫರನ್ನು ಹುಡುಕುತ್ತಿದ್ದರು. ಚಿಂತಾಮಣಿಯಲ್ಲಿ ಕೋನಪ್ಪನ ಸ್ಟುಡಿಯೋ ಇತ್ತು. ಕೋನಪ್ಪನ ಅಕ್ಕನ ಮಗಳು ತನುಜ ಅಲ್ಲೇ ಕೆಲಸ ಕಲಿತು, ೨೦೦೮ರಲ್ಲಿ ಹೊಸ ಡಿಜಿಟಲ್ ಕ್ಯಾಮೆರಾ ಕೊಂಡಿದ್ದಳು.

ನಿಕಾಹ್ ಮಧ್ಯಾಹ್ನ ಮುಗಿಯಿತು. ಹೆಂಗಸರ ಕೋಣೆಯ ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದಿದ್ದರು. ಕರೆಂಟೂ ಹೋಗಿತ್ತು. ಮಂಚದ ಮೇಲೆ ಕೂತ ಅಲ್ಮಾಸಳ ಪಕ್ಕಕ್ಕೆ ಅವಳ ದಾದಿ, ಅಂದರೆ ಅಪ್ಪನ ತಾಯಿ, ಎಪ್ಪತ್ತು ದಾಟಿದ ಖತೀಜಾ ಬೀ ಬಂದು ಕೂತರು.

"ಬೇಟಿ, ಆ ಫಳ್ ಅನ್ನೋ ಲೈಟ್ ಹಾಕ್ಬೇಡಮ್ಮ. ಕಣ್ಣಿನ ಆಪರೇಷನ್ ಆಗಿ ಹದಿನೈದು ದಿನಾನೂ ಆಗಿಲ್ಲ. ಚುಚ್ಚಿದ ಹಾಗಾಗುತ್ತೆ" ಎಂದರು.

"ಹಾಕಲ್ಲ ಅಜ್ಜಿ. ಈ ಕ್ಯಾಮೆರಾಕ್ಕೆ ಇಷ್ಟು ಬೆಳಕು ಸಾಕು" ಎಂದಳು ತನುಜ, ಸ್ವಲ್ಪ ಜಂಬದಿಂದಲೇ.

ಬೆಳಕು ಒಳಬಿಡುವ ಲೆನ್ಸಿನ ಅಪರ್ಚರನ್ನು ಪೂರ್ತಿ ತೆರೆದಿಟ್ಟಳು. ಐಎಸ್‌ಒ ಎಂಬ ಬೆಳಕು ಹಿಡಿಯುವ ಶಕ್ತಿ ಆಟೋದಲ್ಲಿತ್ತು. ಬೆಳಕು ಸಾಲದಿದ್ದರೆ ಕ್ಯಾಮೆರಾ ತಾನೇ ಐಎಸ್‌ಒ ಏರಿಸಿಕೊಳ್ಳುತ್ತದೆ. ಆದರೆ ಶಟರ್ ಎಷ್ಟು ನಿಧಾನವಾದ ಮೇಲೆ ಏರಿಸಬೇಕು ಎನ್ನುವುದನ್ನು ನಾವು ಮೊದಲೇ ಹೇಳಿಟ್ಟಿರಬೇಕು. ಜನರ ಫೋಟೋಗೆ ಅವಳು ಸೆಕೆಂಡಿನ ನೂರಿಪ್ಪತ್ತೈದನೇ ಒಂದು ಭಾಗ ಎಂದು ಇಡುತ್ತಿದ್ದಳು. ಹಿಂದಿನ ವಾರ ಸಾದಲಿಯಲ್ಲಿ ಒಬ್ಬ ರೈತರ ಮನೆಯ ರೇಷ್ಮೆಗೂಡುಗಳ ಫೋಟೋ ತೆಗೆಯುವಾಗ ಅದನ್ನು ಹದಿನೈದನೇ ಒಂದು ಭಾಗಕ್ಕೆ ಇಳಿಸಿದ್ದಳು. ಗೂಡು ಅಲುಗಾಡುವುದಿಲ್ಲ, ಕ್ಯಾಮೆರಾ ಸ್ಟ್ಯಾಂಡಿನ ಮೇಲಿತ್ತು, ಐಎಸ್‌ಒ ಏರದಿದ್ದರೆ ಚಿತ್ರ ನುಣುಪಾಗಿ ಬರುತ್ತದೆ. ಅದನ್ನು ಮತ್ತೆ ಬದಲಾಯಿಸುವುದು ಮರೆತುಹೋಗಿತ್ತು.

ಖತೀಜಾ ಬೀ ಮೊಮ್ಮಗಳ ಮುಖದ ಸುತ್ತ ಎರಡೂ ಕೈ ನಿವಾಳಿಸಿ, ತಮ್ಮ ಕೆನ್ನೆಯ ಪಕ್ಕ ನೆಟಿಗೆ ಮುರಿದರು. ಅಲ್ಮಾಸ್ ಅಳುತ್ತ ನಕ್ಕಳು. ತನುಜ ಹನ್ನೊಂದು ಬಾರಿ ಗುಂಡಿ ಒತ್ತಿದಳು. ಕ್ಯಾಮೆರಾ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡವು.

ಮರುದಿನ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದಾಗ ಹನ್ನೊಂದರಲ್ಲಿ ಒಂದೂ ನೆಟ್ಟಗಿರಲಿಲ್ಲ. ಅಜ್ಜಿಯ ಕೈಗಳಿದ್ದ ಕಡೆ ಹೊಗೆಯಂಥ ಎರಡು ಗೆರೆ. ಅಲ್ಮಾಸಳ ಮುಖಕ್ಕೆ ಎರಡೆರಡು ಮೂಗು. ಚಿತ್ರದ ವಿವರ ತೆರೆದಳು: ಶಟರ್ ಹದಿನೈದನೇ ಒಂದು ಭಾಗ, ಐಎಸ್‌ಒ ಇನ್ನೂರು. ಸಾವಿರದ ಆರುನೂರರವರೆಗೂ ಏರಲು ಜಾಗವಿತ್ತು. ಕ್ಯಾಮೆರಾ ಅವಳು ಹೇಳಿದ್ದನ್ನೇ ಮಾಡಿತ್ತು.

ಆಲ್ಬಮ್‌ಗೆ ಫೋಟೋ ಆರಿಸಲು ಖಲೀಮುಲ್ಲಾ ಸ್ಟುಡಿಯೋಗೆ ಬಂದರು. "ಅಮ್ಮಂದು, ಅಲ್ಮಾಸ್‌ದು ಒಂದೂ ಇಲ್ವಲ್ಲಮ್ಮ?" ಎಂದು ಕೇಳಿದರು.

ಪಕ್ಕದಲ್ಲೇ ಮಾವ ಕೋನಪ್ಪ ಕೂತಿದ್ದ. ಹೊಸ ಕ್ಯಾಮೆರಾ ಬೇಕೇಬೇಕೆಂದು ಹಠ ಹಿಡಿದಿದ್ದವಳು ಅವಳೇ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. "ಅಜ್ಜಿ ಕೈ ತುಂಬಾ ನಡುಗ್ತಿತ್ತು ಸಾರ್. ಫ್ಲ್ಯಾಶ್ ಬೇರೆ ಬೇಡ ಅಂದ್ರು. ಅದಕ್ಕೆ ಶೇಕ್ ಆಗಿದೆ."

"ಹೌದಾ? ವಯಸ್ಸಾಯ್ತಲ್ಲ" ಎಂದು ಅವರು ಮುಂದಿನ ಫೋಟೋಗೆ ಹೋದರು. ಅಷ್ಟಕ್ಕೇ ಮುಗಿಯಿತೆಂದು ತನುಜ ಅಂದುಕೊಂಡಳು. ಆದರೂ ಆ ಹನ್ನೊಂದು ಚಿತ್ರಗಳನ್ನು ಅಳಿಸಲು ಅವಳಿಗೆ ಕೈ ಬರಲಿಲ್ಲ, ತೆರೆದು ನೋಡಲೂ ಧೈರ್ಯವಾಗಲಿಲ್ಲ.

ಒಂದು ವರ್ಷ ಕಳೆದು, ಅಲ್ಮಾಸಳ ಮಗುವಿಗೆ ಹೆಸರಿಡುವ ದಿನ ಖಲೀಮುಲ್ಲಾ ಅವರ ಮನೆಗೆ ಮತ್ತೆ ಅವಳನ್ನೇ ಕರೆದರು. ಈ ಸಲ ಬಾಗಿಲಲ್ಲೇ ನಿಂತು ಶಟರ್, ಅಪರ್ಚರ್, ಐಎಸ್‌ಒ ಮೂರನ್ನೂ ಎರಡೆರಡು ಸಲ ನೋಡಿಕೊಂಡಳು. ಖತೀಜಾ ಬೀ ಮೂಲೆಯಲ್ಲಿ ಚಾಪೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು, ಲೋಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು.

"ಅಜ್ಜಿ, ಮಗೂನ ಎತ್ಕೊಂಡು ಕೂತ್ಕೊಳಿ. ಒಂದು ಫೋಟೋ ತೆಗೀತೀನಿ."

"ನಾನು ಬೇಡ ಬೇಟಿ. ಹೋದ್ಸಲ ನಿನ್ನ ಫೋಟೋ ಎಲ್ಲಾ ಕೆಡಿಸಿಬಿಟ್ಟೆ" ಎಂದರು ಅವರು, ನಾಚಿಕೆಯಿಂದ.

ಅಲ್ಮಾಸ್ ದನಿ ತಗ್ಗಿಸಿ ಹೇಳಿದಳು: "ದಾದಿ ಮಗೂನ ಒಂದ್ಸಲಾನೂ ಎತ್ಕೊಂಡಿಲ್ಲ ಅಕ್ಕ. ಕೈ ನಡುಗುತ್ತೆ, ಬೀಳಿಸ್ಬಿಡ್ತೀನಿ ಅಂತಾರೆ. ನಲವತ್ತು ವರ್ಷ ಕುದಿಯೋ ನೀರಲ್ಲಿ ಗೂಡಿನ ಎಳೆ ಹುಡುಕಿದ ಕೈ ಅದು. ಈಗ ಸೂಜಿನೂ ಮುಟ್ಟಲ್ಲ."

ತನುಜಳ ಕೊರಳಲ್ಲಿದ್ದ ಕ್ಯಾಮೆರಾ ಒಮ್ಮೆಗೇ ಭಾರವಾಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೋಣೆಯಲ್ಲಿ ಹತ್ತು ಹನ್ನೆರಡು ಹೆಂಗಸರಿದ್ದರು. ಹೊರಗೆ ಬಾಗಿಲ ಬಳಿ ಖಲೀಮುಲ್ಲಾ ನಿಂತಿದ್ದರು.

"ಅಜ್ಜಿ ಕೈ ನಡುಗಿರ್ಲಿಲ್ಲ" ಎಂದಳು. ದನಿ ಎಲ್ಲರಿಗೂ ಕೇಳಿಸಿತು. "ತಪ್ಪು ನಂದು. ಕ್ಯಾಮೆರಾದಲ್ಲಿ ಶಟರ್ ತುಂಬಾ ನಿಧಾನಕ್ಕೆ ಇಟ್ಟಿದ್ದೆ, ನೋಡ್ಕೊಂಡಿರ್ಲಿಲ್ಲ. ಯಾರ ಕೈ ಆಡಿದ್ರೂ ಹಾಗೇ ಬರ್ತಿತ್ತು. ನನ್ನ ತಪ್ಪು ಮುಚ್ಕೊಳಕ್ಕೆ ಅಜ್ಜಿ ಮೇಲೆ ಹೇಳ್ಬಿಟ್ಟೆ."

ಖತೀಜಾ ಬೀ ಲೋಟ ಕೆಳಗಿಟ್ಟು ಎರಡೂ ಕೈಯನ್ನು ಮುಂದೆ ಚಾಚಿ, ಬೆರಳು ಬಿಡಿಸಿ, ಬಹಳ ಹೊತ್ತು ನೋಡಿದರು. ಬಿಸಿನೀರಿಗೆ ಬೆಂದು ಬೆಂದು ತುದಿ ಬೆಳ್ಳಗಾದ ಬೆರಳುಗಳು ಅಲುಗಲಿಲ್ಲ.

"ಒಂದು ವರ್ಷ" ಎಂದರು. "ಒಂದು ವರ್ಷ ಈ ಕೈಗೆ ಹೆದರ್ಕೊಂಡು ಬದುಕಿದೀನಲ್ಲಮ್ಮ."

"ತಪ್ಪಾಯ್ತು ಅಜ್ಜಿ" ಎಂದು ತನುಜ ಕಾಲಿನ ಕಡೆ ಬಾಗಿದಳು. ಅವರು ಕಾಲು ಎಳೆದುಕೊಂಡರು.

"ಮಗೂನ ಕೊಡು" ಎಂದರು ಅಲ್ಮಾಸಳಿಗೆ.

ಮಗು ಅವರ ಮಡಿಲಿಗೆ ಬಂದದ್ದೇ ಅವರ ಬೆರಳನ್ನು ಬಿಗಿಯಾಗಿ ಹಿಡಿಯಿತು. ಅಜ್ಜಿ ಅತ್ತರು. ಪರದೆಯ ಸಂದಿಯಿಂದ ಬಂದ ಬೆಳಕು ಇಬ್ಬರ ಮುಖದ ಮೇಲೂ ಬಿದ್ದಿತ್ತು. ತನುಜಳ ಕೈ ತಾನಾಗಿ ಕ್ಯಾಮೆರಾಕ್ಕೆ ಹೋಯಿತು.

"ಬೇಡ ಅಕ್ಕ" ಎಂದಳು ಅಲ್ಮಾಸ್. "ಇದನ್ನ ನೀವು ತೆಗೀಬೇಡಿ."

ತನುಜ ಕ್ಯಾಮೆರಾ ಇಳಿಸಿದಳು. ಉಳಿದ ಕಾರ್ಯಕ್ರಮದ ಫೋಟೋಗಳನ್ನೆಲ್ಲ ತೆಗೆದಳು. ಎಲ್ಲವೂ ಸ್ಫುಟವಾಗಿ ಬಂದವು. ಅವಳನ್ನು ಊಟಕ್ಕೆ ಕೂರಿಸಿದರು, ಬಡಿಸಿದರು. ಯಾರೂ ಮಾತಾಡಿಸಲಿಲ್ಲ.

ಸಂಜೆ ಖಲೀಮುಲ್ಲಾ ಬಸ್‌ಸ್ಟ್ಯಾಂಡಿನವರೆಗೂ ಅವಳ ಜೊತೆ ನಡೆದು ಬಂದರು. ಬೈಯುತ್ತಾರೆಂದು ಅವಳು ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಚಿಂತಾಮಣಿ ಬಸ್ಸು ಬರುವವರೆಗೂ ಅವರು ತಲೆ ತಗ್ಗಿಸಿಕೊಂಡೇ ನಿಂತಿದ್ದರು.

"ನೀವು ನನಗೆ ಹೇಳಿದ್ರಿ. ನಾನು ಹೋಗಿ ಅಮ್ಮಂಗೆ ಹೇಳ್ದೆ" ಎಂದರು ಕೊನೆಗೆ. "ಒಂದೇ ಮನೇಲಿದೀವಿ. ಒಂದ್ಸಲಾನಾದ್ರೂ ಅಮ್ಮನ ಕೈ ಹಿಡ್ದು ನೋಡ್ಬೋದಿತ್ತು ನಾನು."

ಕಂಡಕ್ಟರ್ ಸೀಟಿ ಊದಿದ. ತನುಜ ಹತ್ತಿ ಕೂತು ಕಿಟಕಿಯಿಂದ ನೋಡಿದಾಗ ಖಲೀಮುಲ್ಲಾ ಆಗಲೇ ಬೆನ್ನು ತಿರುಗಿಸಿ ಮನೆಯ ದಾರಿ ಹಿಡಿದಿದ್ದರು.