ಎಲೆತೋಟದ ನಡುವೆ

“ಬದುವಿನ ಮ್ಯಾಲ ಬ್ಯಾಡ! ಗುದ್ದಲಿ ಎತ್ರಿ!” ಎಂದು ಕೂಗುತ್ತ ಶಿವಗಂಗವ್ವ ಓಡಿಬಂದಳು. ಕುಣಿ ತೋಡಲು ಬಂದವರು ಬೆಪ್ಪಾಗಿ ನಿಂತರು. ಗಂಡ ಖಂಡೆಪ್ಪನ ಹೆಣವನ್ನು ಮನೆಯ ಮುಂದೆ ಕೂಡಿಸಿದ್ದಾರೆ, ಭಜನೆ ನಡೆದಿದೆ, ಹೆಂಡತಿ ನೋಡಿದರೆ ತೋಟದಲ್ಲಿ! ತುಕ್ಕಾನಟ್ಟಿಯ ಜನ ಏನಂದಾರು? ಏನಾದರೂ ಅಂದುಕೊಳ್ಳಲಿ.

“ತ್ವಾಟದ ನಡು ಇಡ್ರಿ ಅವರನ್ನ. ಸಾಯೂ ಮುಂದ ಅವರ ಹೇಳ್ಯಾರ.”

ಮೈದುನ ಕೇದಾರಿ ಹುಬ್ಬೇರಿಸಿದ. “ಎಲಿಬಳ್ಳಿ ನಡುವ? ಅಣ್ಣ ಹಂಗ ಅಂದ್ನೇನ್ರಿ ವೈನಿ? ಚಪ್ಪಲ್ ಹಾಕ್ಕೊಂಡ ಒಳಗ ಕಾಲಿಟ್ರ ಹೊಡ್ಯಾಕ ಬರ್ತಿದ್ನಲ್ಲ!”

“ಖರೆ ಹೇಳಾಕತ್ತೇನಿ.”

ಖರೆ ಎಲ್ಲಿಯದು, ಹಸಿ ಸುಳ್ಳು. ನೀರಿಗಿಳಿದ ಮೇಲೆ ಚಳಿಯೇನು? ಗುಟ್ಕಾ ಬಂದ ಮೇಲೆ ವೀಳ್ಯದೆಲೆ ಕೇಳುವವರೇ ಕಡಿಮೆ. ತೋಟ ಕಿತ್ತು ಕಬ್ಬು ಹಚ್ಚುತ್ತೇನೆಂದು ಮಗ ಮಹೇಶ ಎರಡು ವರ್ಷದಿಂದ ಹಟ ಹಿಡಿದಿದ್ದ. ಎಷ್ಟೇ ಹಟಮಾರಿಯಾದರೂ ಅಪ್ಪನ ತಲೆಯ ಮೇಲೆ ನೇಗಿಲು ಹೊಡೆಯುವವನಲ್ಲ. ನಡುವೆ ಗದ್ದುಗೆ ಇದ್ದರೆ, ಒಂದೆರಡು ಸಾಲು ಹೋದರೂ, ಗಂಡ ಹೆಂಡತಿ ಮೂವತ್ತು ವರ್ಷ ಸಾಕಿದ ಬಳ್ಳಿ ಉಳಿದೀತು. ಅವಳಿಗೆ ಬೇಕಾದದ್ದು ಅಷ್ಟೇ.

*

ಹೋದ ಸಲ ಬಳ್ಳಿ ಇಳಿಸುವಾಗಲೇ ಖಂಡೆಪ್ಪನಿಗೆ ದಮ್ಮು ಹತ್ತಿತ್ತು. ಆದರೂ ಆಳಿನ ಕೈಗೆ ಕೊಡಲಿಲ್ಲ. ಮರದ ತುದಿ ಮುಟ್ಟಿದ ಬಳ್ಳಿಯನ್ನು ತಾನೇ ಬಿಡಿಸಿ, ಸುರುಳಿ ಸುತ್ತಿ, ಬುಡದಲ್ಲಿ ಮಲಗಿಸಿ ಮಣ್ಣು ಮುಚ್ಚಿದ.

“ತಿಂಗಳದಾಗ ಚಿಗರ್ತೈತಿ ನೋಡ.”

“ನಿಮ್ಮನ್ನೂ ಹಿಂಗ ಮುಚ್ಚಿದ್ರ ಚಿಗರ್ತೀರೇನ?” ಶಿವಗಂಗವ್ವ ನಕ್ಕಳು.

ಅವನು ನಗಲಿಲ್ಲ. “ನನ್ನನ್ನ ಬದುವಿನ ಬೇವಿನ ಗಿಡದ ಬುಡಕ ಇಡ್ರಿ. ತ್ವಾಟದಾಗ ಮಾತ್ರ ಕುಣಿ ತಗೀಬ್ಯಾಡ್ರಿ. ಬೇರ ಹರದ್ರ ಒಂದ ಬಳ್ಳಿ ಅಲ್ಲ, ಸಾಲಿಗೆ ಸಾಲ ಸಾಯ್ತಾವ.”

ಗೋಕಾಕದ ಪೇಟೆಯಲ್ಲಿ ಮಾರದೆ ಉಳಿದ ಎಲೆಯನ್ನು ಆ ವಾರವೂ ಹೊತ್ತು ತಂದು ಮದುವೆ ಮನೆಗಳಿಗೆ ಸುಮ್ಮನೆ ಹಂಚಿದ್ದ. ಪುಣ್ಯಾತ್ಮ, ಮೇಲೆ ಒಳ್ಳೆಯ ಎಲೆ ಇಟ್ಟು ಒಳಗೆ ಹರಕು ತುಂಬುವುದು ಅವನಿಗೆ ಕೊನೆವರೆಗೂ ಬರಲಿಲ್ಲ.

*

ತೋಟದ ನಡುವೆ ಕುಣಿ ಎರಡು ಮೊಳ ತೋಡುವಷ್ಟರಲ್ಲಿ ಕಲ್ಲು ಹತ್ತಿತು. ಗುದ್ದಲಿ ನಡೆಯಲಿಲ್ಲ. ಮೂರು ಗಂಟೆಯಾಯಿತು, ಅಂಕಲಗಿಯಿಂದ ಬಂದ ಬೀಗರು ಹೊತ್ತು ನೋಡತೊಡಗಿದರು. ಮಹೇಶ ಫೋನು ಮಾಡಿ ಜೆಸಿಬಿ ಕರೆಸಿದ.

“ಮಷಿನ್ ಒಳಗ ಬ್ಯಾಡೋ ಮಹೇಶಾ!”

“ಮತ್ತ ಹೆಂಗ ತಗ್ಯೂದ ಯವ್ವಾ? ಅಪ್ಪ ಇಲ್ಲೇ ಅಂದಾನಂತ ನೀನ ಹೇಳೀದಿ.”

ಬಾಯಿ ಬಿಟ್ಟರೆ ಬಣ್ಣಗೇಡು. ಐನೋರು ವಿಭೂತಿ ಹಿಡಿದು ನಿಂತಿದ್ದರು, ಊರೆಲ್ಲ ಕೂಡಿತ್ತು. ಆಗಲಾದರೂ ಹೇಳಬೇಕಿತ್ತು, ಹೇಳಲಿಲ್ಲ. ಜೆಸಿಬಿ ಐದು ಸಾಲು ಕೆಡವಿಕೊಂಡು ಒಳಗೆ ಬಂತು.

ಖಂಡೆಪ್ಪನನ್ನು ಕುಣಿಯಲ್ಲಿ ಕೂಡಿಸಿ ಕೈಗೆ ಲಿಂಗ ಕೊಟ್ಟರು. ಪತ್ರಿ, ವಿಭೂತಿ, ಆಮೇಲೆ ಮಣ್ಣು. ಶಿವಗಂಗವ್ವನೂ ಒಂದು ಹಿಡಿ ಹಾಕಿ “ತಪ್ಪಾತ್ರಿ” ಎಂದಳು. ಅದು ಯಾರಿಗೂ ಕೇಳಿಸಲಿಲ್ಲ.

ಜನ ಕರಗಿದ ಮೇಲೆ ಮಹೇಶ ಅವಳ ಬಾಜೂಕ್ಕೆ ಬಂದು ಕುಳಿತ. ಅತ್ತು ಅತ್ತು ಅವನ ಕಣ್ಣೂ ಬಾತಿದ್ದವು.

“ಯವ್ವಾ, ಅರ್ಧಾ ತ್ವಾಟ ಹೋಗೇ ಬಿಟ್ಟೈತಿ. ಬೇರ ಹರದಾವ, ಉಳದದ್ದೂ ನಿಲ್ಲೂದಿಲ್ಲ. ಹೆಂಗೂ ಮಷಿನ್ ಬಂದೈತಿ, ತಗಿಸಿಬಿಡ್ತೇನಿ. ಗದ್ದಿಗಿ ಮುಟ್ಟೂದಿಲ್ಲ, ಅಪ್ಪನಾಣಿ. ಸುತ್ತ ಕಬ್ಬ ಹಚ್ತೇನಿ.”

ಬೇಡವೆಂದು ಅವಳು ಯಾವ ಬಾಯಿಂದ ಅಂದಾಳು?

ಮಹೇಶ ಎದ್ದು ಕೈಬೀಸಿದ. ಜೆಸಿಬಿ ಹಸಿಮಣ್ಣಿನ ದಿಬ್ಬವೊಂದನ್ನು ಬಿಟ್ಟು ಅದರ ಸುತ್ತಲೇ ತಿರುಗತೊಡಗಿತು. ಶಿವಗಂಗವ್ವ ದಿಬ್ಬಕ್ಕೆ ಆತು ಕುಳಿತು, ಕೈಗೆ ಸಿಕ್ಕ ಎಲೆಗಳನ್ನು ಒರೆಸಿ ಒಂದರ ಮೇಲೊಂದು ಪೇರಿಸುತ್ತಿದ್ದಳು. ತೀರ ಹತ್ತಿರ ಬಂದಾಗೊಮ್ಮೆ ಡ್ರೈವರ್ ಗಾಡಿ ಮೆಲ್ಲಗೆ ಮಾಡಿ, ಅವಳನ್ನು ಬಳಸಿಕೊಂಡು ಮುಂದಿನ ಸಾಲಿಗೆ ಹೋಗುತ್ತಿದ್ದ.