ಮಂಗಲವಾಗದ ಐದನೆಯ ಭಾಗ

ಗಿರಿಮಲ್ಲಪ್ಪ ಮಾಸ್ತರರ ಮನೆತನದಲ್ಲಿ ಪುರಾಣ ಓದಲು ಹಚ್ಚಿದರೆ ಕಡೆಯ ದಿನದ ಆರತಿಯೆತ್ತಿ ಮಂಗಲವಾಗದೆ ಬಿಡುವ ರೂಢಿ ಇರಲಿಲ್ಲ. ಅವರ ತಂದೆ ಒಂದು ಶ್ರಾವಣದಲ್ಲಿ ಜ್ವರದಿಂದ ನಡುಗುತ್ತಲೇ ಓದಿ ಮುಗಿಸಿದ್ದರು. ಇನ್ನೊಂದು ರೂಢಿಯೂ ಇತ್ತು. ಕಡೆಯ ಅಧ್ಯಾಯವನ್ನು ಮಂಗಲದ ದಿನದವರೆಗೆ ಯಾರೂ ತೆರೆದು ನೋಡಬಾರದು. ಈ ಎರಡು ರೂಢಿಗಳೇ ಮಾಸ್ತರರನ್ನು ಪೇಚಿಗೆ ಸಿಲುಕಿಸಿದವು.

ಹೆಂಡತಿ ಕಸ್ತೂರೆವ್ವ ಹಾಸಿಗೆ ಹಿಡಿದಾಗ ಕಣ್ಣೂ ಮಂಜಾಗಿದ್ದವು. ಅವಳಿಗೆ ಹೊತ್ತು ಹೋಗಲೆಂದು ಮಾಸ್ತರರು ಜಮಖಂಡಿಯ ವಾಚನಾಲಯಕ್ಕೆ ಹೋದರು. ಪುಸ್ತಕ ಕೊಡುವ ಮಧುಮತಿ ಒಂದು ದಪ್ಪ ಪುಸ್ತಕವನ್ನು ಮುಂದಿಟ್ಟಳು.

"ಇದನ್ನ ಒಯ್ರಿ ಸರ. ಮಾಯಾಲೋಕದ ಕತಿ. ಐದು ಭಾಗ ಬಂದಾವ. ಒಮ್ಮೆ ಹಿಡದ್ರ ಬಿಡಂಗಿಲ್ಲ ನೀವು."

ಕಪ್ಪು ಹೊಳೆಯ ಆಚೆ ದಂಡೆಯಲ್ಲಿ ಮಾಂತ್ರಿಕನ ಕೋಟೆ. ಅದರೊಳಗೆ ಸೆರೆಯಾದ ತಂಗಿ. ಅವಳನ್ನು ಬಿಡಿಸಲು ಒಬ್ಬಳೇ ದೋಣಿ ಏರಿ ಹೊರಟ ಅಕ್ಕ. ಹುಟ್ಟಿನಿಂದಲೂ ವಚನ, ಪುರಾಣಗಳಲ್ಲೇ ಬೆಳೆದ ಮಾಸ್ತರರು ಮೊದಲ ದಿನ ಮೂಗು ಮುರಿದರು. "ಶಿವನ ಹೆಸರಾ ಇಲ್ಲದ ಕತಿ ಇದು," ಎಂದರು.

"ಹುಟ್ಟು ಹಾಕುವಾಗ ಆ ಹೆಣ್ಮಗಳು ಮನಸಿನ್ಯಾಗ ಯಾರನ್ನ ನೆನಸ್ತಾಳ ಅಂತ ನಿಮಗ ಹ್ಯಾಂಗ ಗೊತ್ತರಿ? ಮುಂದ ಓದ್ರಿ," ಎಂದಳು ಕಸ್ತೂರೆವ್ವ.

ಓದಿದರು. ದಿನಾಲೂ ಸಂಜೆ ವಿಭೂತಿ ಹಚ್ಚಿಕೊಂಡು ಪಡಸಾಲೆಯಲ್ಲಿ ಕುಳಿತು ಓದಿದರು. ದನಿ ಕೇಳಿ ಓಣಿಯ ಮಂದಿಯೂ ಬಂದು ಕೂಡತೊಡಗಿದರು. ನಾಲ್ಕು ಭಾಗ ಮುಗಿದ ದಿನ ಕಸ್ತೂರೆವ್ವನಿಗೆ ಮಾತಾಡುವ ಶಕ್ತಿಯೂ ಉಳಿದಿರಲಿಲ್ಲ. ಆದರೂ ಕೇಳಿದಳು.

"ತಂಗಿ ಸಿಗ್ತಾಳೇನ್ರಿ?"

"ಐದನೇದರಾಗ ಸಿಗ್ತಾಳ. ಓದಿ ಹೇಳ್ತೇನಿ."

ಮೂರನೆಯ ದಿನಕ್ಕೆ ಅವಳು ಲಿಂಗೈಕ್ಯಳಾದಳು.

ಐದನೆಯ ಭಾಗ ವಾಚನಾಲಯದಲ್ಲಿ ಇರಲಿಲ್ಲ. ಮಾಸ್ತರರು ಬಸ್ಸು ಹಿಡಿದು ಮುಧೋಳಕ್ಕೆ ಹೋದರು, ಬನಹಟ್ಟಿಗೆ ಹೋದರು. ಎಲ್ಲಿ ಕೇಳಿದರೂ ಅದನ್ನು ಬಿಟ್ಟು ಬೇರೆಯದನ್ನು ಹೊಗಳುವವರೇ. ಬನಹಟ್ಟಿಯ ಅಂಗಡಿಯವನಂತೂ ಒಂದು ಪುಸ್ತಕವನ್ನು ಕೈಗೇ ತುರುಕಿದ.

"ಇದು ಭಾರಿ ಐತ್ರಿ ಅಜ್ಜಾರ. ಇದರಾಗ ಬೆಂಕಿ ಉಗುಳೂ ಡ್ರ್ಯಾಗನ್ ಅದಾವ."

"ನನಗ ಡ್ರ್ಯಾಗನ್ ಬ್ಯಾಡೋ ತಮ್ಮಾ. ತಂಗಿ ಬೇಕು."

ಅಂಗಡಿಯವನು ಪುಸ್ತಕವನ್ನು ಮರಳಿ ಕಪಾಟಿಗೆ ಸೇರಿಸಿದ.

ಹನ್ನೊಂದನೆಯ ತಿಂಗಳಿಗೆ ಮಧುಮತಿಯೇ ಅಂಚೆಯಲ್ಲಿ ತರಿಸಿಕೊಟ್ಟಳು. ಮಾಸ್ತರರು ಓಣಿಗೆಲ್ಲ ಹೇಳಿದರು: ಇಪ್ಪತ್ತೊಂದು ದಿನ ಓದು, ಕಸ್ತೂರಿಯ ವರ್ಷದ ದಿನ ಮಂಗಲ, ಎಲ್ಲರಿಗೂ ಹುಗ್ಗಿ ಊಟ.

ಮಂಗಲದ ದಿನ ಮುಂಜಾನೆ ಪಡಸಾಲೆ ತುಂಬಿತ್ತು. ಆರತಿ ತಟ್ಟೆ ಸಿದ್ಧವಾಗಿತ್ತು. ಹಿತ್ತಿಲಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು. ಮಾಸ್ತರರು ಕಡೆಯ ಅಧ್ಯಾಯ ತೆರೆದರು. ನಡುಹೊಳೆಯಲ್ಲಿ ಸುಳಿ ಎದ್ದಿತು. ಅಕ್ಕನ ಕೈಯಲ್ಲಿದ್ದ ಹುಟ್ಟು ಮುರಿಯಿತು. ಕೋಟೆಯ ಕಿಟಕಿಯಿಂದ ತಂಗಿ "ಅಕ್ಕಾ" ಎಂದು ಕೂಗಿದಳು. ಮಾಸ್ತರರು ಹಾಳೆ ತಿರುವಿದರು. ಅಲ್ಲಿ ಒಂದೇ ಸಾಲು: ಉಳಿದ ಕತೆ ಆರನೆಯ ಭಾಗದಲ್ಲಿ.

"ಮುಂದ?" ಎಂದಳು ನೆರೆಮನೆಯ ಕೆಂಪವ್ವ.

"ಮುಂದ ಇಲ್ಲ."

"ಹಾಳಿ ಹರದೈತೇನು ನೋಡ್ರಿ ಮಾಸ್ತರ್ರ."

"ಹಾಳಿ ನೆಟ್ಟಗ ಐತಿಬೇ. ಬರದಾಂವನಾ ನೆಟ್ಟಗಿಲ್ಲ!"

ಪುರಾಣ ಬರೆದವರು ಮಂಗಲ ಬರೆದೇ ಲೇಖನಿ ಕೆಳಗಿಡುತ್ತಾರೆ ಎಂದು ಅವರು ನಂಬಿದ್ದರು. ಅರ್ಧ ಕತೆಯನ್ನು ಅಚ್ಚು ಹಾಕಿಸಿ ಮಾರುವವರಿದ್ದಾರೆಂದು ಅವರಿಗೆ ಕನಸಿನಲ್ಲಿಯೂ ಹೊಳೆದಿರಲಿಲ್ಲ.

ಗೆಳೆಯ ಸೋಮಲಿಂಗ ಕಂಬಕ್ಕೆ ಒರಗಿದವನು ಎದ್ದು ಕುಳಿತ. "ಅಲ್ಲಲೇ ಗಿರಿಮಲ್ಲ, ಚಿಕ್ಕಪಡಸಲಗ್ಯಾಗ ರೈತ್ರು ತಾವಾ ಕೂಡಿ ಕೃಷ್ಣಾ ಹೊಳಿಗೆ ಒಡ್ಡು ಕಟ್ಟಿದ್ರು. ಈಕಿಗೆ ಒಂದು ಹೊಳಿ ದಾಟಾಕ ಐದು ಪುಸ್ತಕ ಸಾಲಲಿಲ್ಲೇನು?"

ಮಂದಿ ನಕ್ಕರು. ಮಾಸ್ತರರು ಮೂಲೆಯಲ್ಲಿ ಕುಳಿತಿದ್ದ ಮಧುಮತಿಯ ಕಡೆ ತಿರುಗಿದರು.

"ಆರನೇದು ಯಾವಾಗ ಬರತೈತಿ?"

"ಬರಿಯಾಕತ್ತಾರಂತ್ರಿ ಸರ. ಯಾವಾಗ ಅಂತ ಅವರಿಗೂ ಗೊತ್ತಿಲ್ಲಂತ."

"ನನಗೀಗ ಎಪ್ಪತ್ತೊಂಬತ್ತು."

ಮಧುಮತಿ ಸೆರಗು ಹಿಂಡಿದಳು. "ಅಲ್ಲೀತನ ಇನ್ನೊಂದು ಕೊಡ್ತೇನ್ರಿ. ಇದಕ್ಕಿಂತ ಛಲೋ ಐತಿ. ಹತ್ತು ಭಾಗದ್ದು."

"ಹತ್ತೂ ಬಂದಾವೇನು?"

"ಏಳು ಬಂದಾವ್ರಿ."

ಮತ್ತೆ ನಗೆ. ಮಾಸ್ತರರು ಪುಸ್ತಕವನ್ನು ಪಟ್ಟನೆ ಮುಚ್ಚಿದರು.

"ಆರತಿ ಎತ್ರಿ ಮಾಸ್ತರ್ರ, ಹುಗ್ಗಿ ಆರತೈತಿ," ಎಂದಳು ಕೆಂಪವ್ವ. "ತಂಗಿ ಸಿಕ್ಕಳು ಅಂತ ನೀವಾ ಅಂದುಬಿಡ್ರಿ. ಯಾರ್ ಕೇಳ್ತಾರ?"

"ಕಸ್ತೂರಿ ಕೇಳ್ಯಾಳ," ಎಂದರು ಮಾಸ್ತರರು. "ಅಕಿಗೆ ನಾ ಸುಳ್ಳು ಹೇಳಲಿ?"

ಆರತಿ ಎತ್ತಲಿಲ್ಲ, ಕಾಯಿ ಒಡೆಯಲಿಲ್ಲ. ಮಂದಿ ತಲೆ ತಗ್ಗಿಸಿ ಹುಗ್ಗಿ ಉಂಡು ಹೋದರು.

ಇಳಿಹೊತ್ತಿಗೆ ಮಾಸ್ತರರು ಸಾವಳಗಿ ದಾರಿಯ ಹೊಲಕ್ಕೆ ಹೋದರು. ಕಸ್ತೂರೆವ್ವನ ಸಮಾಧಿಗೆ ನೀರೆರೆದು, ವಿಭೂತಿ ಹಚ್ಚಿ, ಬಿಲ್ವಪತ್ರೆ ಏರಿಸಿದರು. ಅವಳನ್ನು ನಡುವೆಯೇ ಕರೆದೊಯ್ದ ಶಿವನಿಗೆ ವರ್ಷವಿಡೀ "ನಿನ್ನ ಚಿತ್ತ" ಎಂದು ತಲೆಬಾಗಿದ್ದರು. ಎಲ್ಲಿಯೋ ಕುಳಿತು ಕತೆ ಬರೆಯುವ ಒಬ್ಬ ಮನುಷ್ಯನಿಗೆ ಹಾಗೆ ತಲೆಬಾಗಲು ಮನಸ್ಸು ಒಪ್ಪಲಿಲ್ಲ.

"ಸಿಕ್ಕಿಲ್ಲ ಕಸ್ತೂರಿ," ಎಂದರು ಕಡೆಗೆ. "ಅಕ್ಕ ನಡುಹೊಳ್ಯಾಗ ಅದಾಳ. ಹುಟ್ಟು ಮುರದೈತಿ. ಆ ಪುಣ್ಯಾತ್ಮ ಇನ್ನೂ ಬರಿಯಾಕತ್ತಾನಂತ. ಸಿಟ್ಟಾಗೂದಿದ್ರ ಅಂವನ ಮ್ಯಾಲ ಆಗು, ನನ್ನ ಮ್ಯಾಲಲ್ಲ."

ಎದ್ದು ನಾಲ್ಕು ಹೆಜ್ಜೆ ಹೋದವರು ಮರಳಿ ಬಂದರು.

"ತಂಗಿ ಕೂಗ್ಯಾಳ ನೋಡು, ಜೀವಂತ ಅದಾಳ. ಅಷ್ಟು ಮಾತ್ರ ಖರೆ. ಉಳಿದದ್ದು ನನಗೂ ಗೊತ್ತಿಲ್ಲ."